ಬೆಳೆಯುವ ಹುಡುಗಿಗೆ ತಕ್ಕ ತೋಟೆ

ಆ ವರ್ಷ ದೀಪಾವಳಿ ಕಳೆದದ್ದೇ ತಡ, ನಾನೊಂದು ಪ್ರತಿಜ್ಞೆ ಮಾಡಿದೆ. ನನ್ನ ತಂಗಿಯ ಮಗಳು ಶಶಿಪ್ರಭಾ ಕೋವಿ ಹಿಡಿಯುವುದಿದ್ದರೆ ಅವಳಿಗೆ ತಕ್ಕ ತೋಟೆಯನ್ನು ಆರಿಸುವವನು ನಾನೇ, ಬೇರೆ ಯಾರೂ ಅಲ್ಲ! ಅದು ಅವಳ ಇವತ್ತಿನ ಹೆಗಲಿಗೂ ಒಪ್ಪಬೇಕು, ಇನ್ನು ನಾಲ್ಕಾರು ವರ್ಷ ಕಳೆದ ಮೇಲಿನ ಹೆಗಲಿಗೂ ಒಪ್ಪಬೇಕು. ಅಂಥದ್ದೊಂದನ್ನು ಹುಡುಕಿ ತಂದು, ಮೂಡಬಿದ್ರೆಯಿಂದ ಬಂಟ್ವಾಳದವರೆಗಿನ ಸಮಸ್ತ ಸೋದರಮಾವಂದಿರಿಗೂ ಮೇಲ್ಪಂಕ್ತಿ ಹಾಕಿಕೊಡುತ್ತೇನೆ ಎಂದು ಊಟದ ಮಣೆಯ ಮೇಲೆ ಕುಳಿತು ಘೋಷಿಸಿದೆ.

ತೋಟೆ ಎಂದರೆ ಏನೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ಕಾಗದದ ಒಂದು ಕೊಳವೆ, ಅದಕ್ಕೆ ಹಿತ್ತಾಳೆಯ ತಳ, ಒಳಗೆ ಮದ್ದು, ಮದ್ದಿನ ಮೇಲೆ ಸೀಸದ ಚರೆ. ಇದನ್ನು ಕೋವಿಯ ನಳಿಗೆಗೆ ತುಂಬಿ ಬೆರಳಿನಿಂದ ಕೋವಿಯ ಕುದುರೆ ಎಳೆದರೆ ಚರೆ ಮುಂದಕ್ಕೆ ಹಾರುತ್ತದೆ, ಕೋವಿ ಹಿಂದಕ್ಕೆ ಒದೆಯುತ್ತದೆ. ಮುಂದಕ್ಕೆ ಹಾರುವುದನ್ನು ಎಲ್ಲರೂ ಬಲ್ಲರು. ಹಿಂದಕ್ಕೆ ಒದೆಯುವುದನ್ನು ಬಲ್ಲವರು ಕಡಿಮೆ. ಆಗ ನಾನು ಬಲ್ಲವರ ಪೈಕಿ ಇರಲಿಲ್ಲ.

ನನ್ನ ಹೆಂಡತಿ ಕಾಂತಿ ಬಂಗುಡೆ ಸಾರು ಬಡಿಸುತ್ತಿದ್ದಳು. ಘೋಷಣೆಯನ್ನು ಪೂರ್ತಿ ಕೇಳಿ, ಸೌಟನ್ನು ಪಾತ್ರೆಯಲ್ಲಿಟ್ಟು, ನೀವು ಕೋವಿಯಲ್ಲಿ ಯಾವಾಗ ಹೊಡೆದದ್ದು ಎಂದು ಕೇಳಿದಳು. ಹುಡುಗನಾಗಿದ್ದಾಗ ಶಿರ್ತಾಡಿಯ ಮುಂಡಪ್ಪಣ್ಣನ ಜೊತೆ ಬೇಟೆಗೆ ಹೋದವನು ನಾನು ಎಂದೆ. ಹೋದದ್ದು ಸತ್ಯ. ಕೋವಿ ಹೊತ್ತುಕೊಂಡು ಹೋಗುತ್ತಿದ್ದವನು ನಾನು, ಹೊಡೆಯುತ್ತಿದ್ದವರು ಅವರು. ಅಷ್ಟು ಬಿಡಿಸಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ವಿಷಯ ಹೀಗಿತ್ತು. ತಂಗಿ ಸರಸಳ ಮನೆ ಶಿರ್ತಾಡಿಯಲ್ಲಿ. ಭಾವ ಶೇಖರ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರು, ಮಳೆಗಾಲಕ್ಕೊಮ್ಮೆ ಬಂದು ಹೋಗುವವರು. ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಗದ್ದೆ ತಂಗಿಯದು, ಮನೆ ತಂಗಿಯದು, ಮನೆಯಲ್ಲಿದ್ದ ಹಳೆಯ ಒಂಟಿ ನಳಿಗೆಯ ಕೋವಿ ಮತ್ತು ಅದರ ಲೈಸನ್ಸು ಕೂಡ ತಂಗಿಯದು. ಅವಳ ನಂತರ ಎಲ್ಲವೂ ಶಶಿಪ್ರಭಾಳದು. ಸೋದರಮಾವನಾದ ನನ್ನ ಪಾಲಿಗೆ ಉಳಿದದ್ದು ಬುದ್ಧಿ ಹೇಳುವ ಅಧಿಕಾರ ಒಂದೇ. ಅದನ್ನು ನಾನು ಎಂದೂ ಪಾಳು ಬಿಟ್ಟವನಲ್ಲ.

ಎರಡು ವರ್ಷದಿಂದ ಸರಸಳ ಸುಗ್ಗಿ ಬೆಳೆಯನ್ನು ಹಂದಿಗಳು ತಿಂದು ಹೋಗುತ್ತಿದ್ದವು. ತೆನೆಯಲ್ಲಿ ಹಾಲು ತುಂಬುವುದೇ ತಡ, ಸಂಜೆಯ ಹೊತ್ತಿಗೆ ಗುಡ್ಡದಿಂದ ಇಳಿದು ಬಂದು, ತಿಂದದ್ದಕ್ಕಿಂತ ಹೆಚ್ಚು ಹೊರಳಾಡಿ ಹಾಳು ಮಾಡುತ್ತಿದ್ದವು. ಡಬ್ಬಿ ಬಡಿದರೆ ಮೊದಮೊದಲು ಓಡುತ್ತಿದ್ದವು, ಆಮೇಲೆ ತಾಳ ಕೇಳುತ್ತಾ ತಿನ್ನತೊಡಗಿದವು. ಸರಸ ಸೋತು ಹೋಗಿದ್ದಳು. ಈ ಸಲವೂ ಬೆಳೆ ಹಂದಿಯ ಹೊಟ್ಟೆಗೆ ಹೋದರೆ ಗದ್ದೆಯನ್ನು ಗೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ಮಗಳನ್ನು ಕರೆದುಕೊಂಡು ಬೊಂಬಾಯಿಗೇ ಹೋಗುವುದು ಎಂದು ತೀರ್ಮಾನಿಸಿದ್ದಳು. ಶಶಿಗೆ ಬೊಂಬಾಯಿ ಬೇಡ. ರಜೆಯಲ್ಲಿ ಒಮ್ಮೆ ಹೋಗಿ, ಹೋಟೆಲಿನ ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕುಳಿತು ತಿಂಗಳು ಕಳೆದು ಬಂದವಳು ಅವಳು. ಹತ್ತನೆಯ ತರಗತಿ ಪಾಸಾಗಿ ಮನೆಯಲ್ಲಿದ್ದಳು. ಒಂದು ದಿನ ಅಮ್ಮನೆದುರು ನಿಂತು, ಕೋವಿ ಉಂಟಲ್ಲ, ನಾನೇ ಕಲಿತು ಹೊಡೆಯುತ್ತೇನೆ ಎಂದಳಂತೆ.

ಸರಸ ಇದನ್ನು ನನಗೆ ಹೇಳಿದಾಗ ನನ್ನ ಎದೆ ಅಗಲವಾಯಿತು. ಹುಡುಗಿಯ ಬೆಳವಣಿಗೆಯೂ ಹಾಗೆಯೇ ಇತ್ತು. ಅಷ್ಟಮಿಗೆ ಹೊಲಿಸಿದ ಲಂಗ ಚೌತಿಗೆ ಗಿಡ್ಡ! ಹೊಲಿಗೆ ಮಿಶಿನಿನ ಎದುರು ಕುಳಿತ ಕಾಂತಿ, ಈ ಹುಡುಗಿಗೆ ಬಟ್ಟೆ ಹೊಲಿಯುವುದೂ ಹರಿಯುವ ಹೊಳೆಗೆ ಕಟ್ಟ ಕಟ್ಟುವುದೂ ಒಂದೇ ಎನ್ನುತ್ತಿದ್ದಳು. ತೆಳ್ಳಗಿನ ಮೈ, ಉದ್ದುದ್ದ ಕೈಕಾಲು, ಹೆಗಲಿನಲ್ಲಿ ಮಾತ್ರ ಮಾಂಸವೇ ಇಲ್ಲ. ಆ ಹೆಗಲಿಗೆ ಯಾವ ತೋಟೆ? ಇದು ನನ್ನ ಮುಂದಿದ್ದ ಘನವಾದ ಪ್ರಶ್ನೆ.

ನಾನು ಮೂಡಬಿದ್ರೆ ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟನಾಗಿದ್ದೆ. ಅಂಥ ಕೆಲಸದವನಿಗೆ ಒಂದು ಪ್ರಶ್ನೆ ಹುಟ್ಟಿದರೆ ಅದಕ್ಕೆ ಉತ್ತರ ಹೇಳಲು ಊರಿಡೀ ಬಸ್ಸು ಹಿಡಿದು ಬರುತ್ತದೆ. ವೇಣೂರಿನವರೊಬ್ಬರು ಹಕ್ಕಿಗೆ ಹೊಡೆಯುವ ಸಣ್ಣ ಚರೆ ಸಾಕೆಂದರು. ಬೆಳ್ತಂಗಡಿಯ ಪೇದೆಯೊಬ್ಬರು ಹೆಣ್ಣುಮಕ್ಕಳ ಕೈಗೆ ಕೋವಿಯೇ ಬೇಡವೆಂದರು. ವಿಟ್ಲಕ್ಕೆ ಹೋಗುವವರೊಬ್ಬರು ಹಂದಿಗೆ ಎಲ್.ಜಿ. ಬಿಟ್ಟರೆ ಬೇರೆ ಮಾತೇ ಇಲ್ಲ ಎಂದು ಹೇಳಿ, ಹೇಳುವ ಭರದಲ್ಲಿ ತಮ್ಮ ಬಸ್ಸನ್ನೇ ತಪ್ಪಿಸಿಕೊಂಡರು. ಎಲ್.ಜಿ. ಎಂದರೆ ದೊಡ್ಡ ತೋಟೆ. ಒಳಗೆ ಕಡಲೆ ಗಾತ್ರದ ಬೆರಳೆಣಿಕೆಯ ಗುಂಡುಗಳು, ಕೆಳಗೆ ಭರ್ತಿ ಮದ್ದು.

ಎಲ್ಲರ ಮಾತೂ ಕೇಳಿ, ಯಾರ ಮಾತನ್ನೂ ತೆಗೆದುಕೊಳ್ಳದೆ, ಸರಸಳ ಲೈಸನ್ಸು ಹಿಡಿದು ಬಂಟ್ವಾಳಕ್ಕೆ ಹೋದೆ. ಅಲ್ಲಿ ಪೇಟೆಯಲ್ಲಿ ಅಬ್ದುಲ್ ರವೂಫ್ ಅವರ ಅಂಗಡಿ. ಮುಂದೆ ಕಬ್ಬಿಣದ ಸಾಮಾನು, ಹಗ್ಗ, ಲಾಟೀನು. ಒಳಗಿನ ಬೀಗ ಹಾಕಿದ ಕಪಾಟಿನಲ್ಲಿ ತೋಟೆ, ಮದ್ದು, ಚರೆ. ರವೂಫರು ಮಾತು ಕಡಿಮೆಯ ಮನುಷ್ಯ. ಯಾರಿಗೆ ಎಂದು ಕೇಳಿದರು. ಹೇಳಿದೆ. ಪ್ರಾಯ ಎಷ್ಟು, ಮೈಕಟ್ಟು ಹೇಗೆ, ಕೈ ಎಷ್ಟು ಉದ್ದ, ಮೊದಲು ಹೊಡೆದು ಗೊತ್ತುಂಟಾ ಎಂದೆಲ್ಲ ವಿಚಾರಿಸಿದರು. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ಕೇಳುವುದಿಲ್ಲ. ಆಮೇಲೆ ಹಗುರದ ಸಣ್ಣ ಚರೆಯ ತೋಟೆಯ ಪೆಟ್ಟಿಗೆಯೊಂದನ್ನು ತೆಗೆದಿಟ್ಟು, ಮೊದಲು ಇದರಲ್ಲಿ ಕೈ ಕೂರಲಿ, ದೊಡ್ಡದು ಆಮೇಲೆ ನೋಡುವ ಎಂದರು.

ಆಗ ನನ್ನ ತಲೆಯಲ್ಲಿ ಒಂದು ಮಹಾಸತ್ಯ ಹೊಳೆಯಿತು. ಬೆಳೆಯುವ ಮಕ್ಕಳಿಗೆ ಅಂಗಿ ತರುವಾಗ ನಾವು ಏನು ಮಾಡುತ್ತೇವೆ? ಎರಡು ಬೆರಳು ದೊಡ್ಡದನ್ನೇ ತರುತ್ತೇವೆ. ಚಪ್ಪಲಿ ತರುವಾಗ? ಹೆಬ್ಬೆರಳಿನ ಮುಂದೆ ಜಾಗ ಬಿಟ್ಟೇ ತರುತ್ತೇವೆ. ಹಾಗಿರುವಾಗ ತೋಟೆ ಮಾತ್ರ ಇವತ್ತಿನ ಅಳತೆಗೆ ಏಕೆ? ಚಿಕ್ಕದನ್ನು ತಂದರೆ ಚೌತಿಯೊಳಗೆ ಅದೂ ಗಿಡ್ಡವಾಗುವುದಿಲ್ಲವೇ?

“ಎಲ್.ಜಿ.ಯೇ ಕೊಡಿ,” ಎಂದೆ.

ರವೂಫರು ತೆಗೆದಿಟ್ಟ ಪೆಟ್ಟಿಗೆಯನ್ನು ಮತ್ತೆ ಕಪಾಟಿಗೆ ಸೇರಿಸಿದರು. “ಶೆಟ್ರೆ, ಅಂಗಡಿಯಿಂದ ಹೊರಗೆ ಹೋದ ತೋಟೆಯನ್ನು ನಾನು ಹಿಂದಕ್ಕೆ ತೆಗೊಳ್ಳುವ ಹಾಗಿಲ್ಲ. ಕಾನೂನು ಉಂಟು.”

“ಹಿಂದಕ್ಕೆ ತರುವವ ಯಾರು ಮಾರಾಯ್ರೆ?” ಎಂದು ನಕ್ಕೆ.

ಅವರು ನಗಲಿಲ್ಲ. ಪೆಟ್ಟಿಗೆ ಕಟ್ಟಿಕೊಡುತ್ತಾ, ಕೋವಿಯನ್ನು ಹೆಗಲಿಗೆ ಚೆನ್ನಾಗಿ ಒತ್ತಿ ಹಿಡಿಯಲು ಹೇಳಿ, ಮಧ್ಯೆ ಗಾಳಿಯೂ ಹೋಗಬಾರದು ಎಂದಷ್ಟೇ ಹೇಳಿದರು. ಬಸ್ಸಿನ ಹಾರ್ನು ಕೇಳುತ್ತಿತ್ತು. ಅರ್ಧ ಕೇಳಿಸಿಕೊಂಡು ಓಡಿದೆ.

ಮನೆಗೆ ಬಂದು ನನ್ನ ಅಂಗಿ ಚಪ್ಪಲಿಗಳ ಸಿದ್ಧಾಂತವನ್ನು ಕಾಂತಿಗೆ ವಿವರಿಸಿದೆ. ಅವಳು ಸೂಜಿಗೆ ನೂಲು ಪೋಣಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ದೊಡ್ಡ ಅಂಗಿ ಯಾರನ್ನೂ ಒದೆಯುವುದಿಲ್ಲ. ಹುಡುಗಿಗೆ ಕೊಡುವ ಮೊದಲು ಒಂದನ್ನು ನೀವೇ ಹೊಡೆದು ನೋಡಿ.”

“ನೋಡದೆ ಬಿಡ್ತೇನಾ?” ಎಂದೆ. ನಿಜವಾಗಿ ಆ ವಿಚಾರ ನನ್ನ ತಲೆಯಲ್ಲಿ ಇರಲೇ ಇಲ್ಲ.

ಆದಿತ್ಯವಾರ ಬೆಳಿಗ್ಗೆ ನಾವಿಬ್ಬರೂ ಶಿರ್ತಾಡಿಗೆ ಹೋದೆವು. ಸರಸ ಅಂಗಳದಲ್ಲಿ ಭತ್ತ ಬೇಯಿಸಿ, ಆಗಷ್ಟೇ ಬಸಿದು, ಹಬೆಯಾಡುವ ರಾಶಿಯನ್ನು ಚಾಪೆಯ ಮೇಲೆ ಹರವಿ ಮುಗಿಸಿದ್ದಳು. ಪಕ್ಕದ ಮನೆಯ ಮುಂಡಪ್ಪಣ್ಣ ಜಗಲಿಯಲ್ಲಿ ವೀಳ್ಯ ಜಗಿಯುತ್ತಾ ಕುಳಿತಿದ್ದರು. ಊರಿನಲ್ಲಿ ಬೇಟೆಯೆಂದರೆ ಅವರೇ ಹಿರಿಯರು. ಎಲ್ಲಿ ಕಾಯಬೇಕು ಎಂದು ಹೇಳುವವರೂ ಅವರು, ಹೊಡೆದ ಹಂದಿಯ ಪಾಲು ಮಾಡುವವರೂ ಅವರು. ಕಣ್ಣು ಮಂಜಾದ ಮೇಲೆ ಹೊಡೆಯುವುದು ಕಡಿಮೆ ಮಾಡಿದ್ದರು, ಅಷ್ಟೇ. ಶಶಿ ಕೋವಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಕಂದನನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಎಂಥ ಉತ್ಸಾಹ! ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನಾನು ಅಂಗಳದ ಆಚೆ, ಒಂದು ಕೊರಡಿನ ಮೇಲೆ ಚಿಮಿಣಿ ಎಣ್ಣೆಯ ಖಾಲಿ ಡಬ್ಬಿಯನ್ನು ಇಟ್ಟೆ. ಅದರ ಹಿಂದೆ ಬಚ್ಚಲ ಕೊಟ್ಟಿಗೆ ಉಂಟು, ಬೇರೆ ಕಡೆ ಇಡು ಎಂದು ಮುಂಡಪ್ಪಣ್ಣ ಜಗಲಿಯಿಂದಲೇ ಹೇಳಿದರು. ಬಚ್ಚಲಲ್ಲಿ ಯಾರೂ ಇಲ್ಲವೆಂದು ಸರಸ ನೋಡಿ ಬಂದಳು. ನಾನು ಹೊಡೆಯುವುದು ಡಬ್ಬಿಗೆ, ಬಚ್ಚಲಿಗೆ ಅಲ್ಲ ಎಂದು ಹೇಳಿ ತೋಟೆ ತುಂಬಿದೆ. ಕಾಂತಿ ಮೈ ಒರೆಸುವ ಬೈರಾಸನ್ನು ಮಡಚಿ ಹೆಗಲಿಗೆ ಇಟ್ಟುಕೊಳ್ಳಲು ಕೊಟ್ಟಳು. ಸೋದರ ಸೊಸೆಯ ಎದುರು ಬೈರಾಸು ಇಟ್ಟುಕೊಂಡು ಹೊಡೆಯುವುದೇ? ಬೇಡವೆಂದೆ. ಕೋವಿ ಎತ್ತಿದೆ. ಎತ್ತಿದ ಮೇಲೆ ಮೈಯಲ್ಲಿ ಏನೋ ಒಂದು ಅಳುಕು. ಒದೆಯುವ ಎಮ್ಮೆಯಿಂದ ದೂರ ನಿಲ್ಲುವುದು ಜಾಣತನ ತಾನೇ ಎಂದುಕೊಂಡು ಕೋವಿಯ ಬುಡವನ್ನು ಹೆಗಲಿನಿಂದ ಒಂದು ಗೇಣು ದೂರದಲ್ಲೇ ಹಿಡಿದು, ಕಣ್ಣು ಮುಚ್ಚಿ, ಕುದುರೆ ಎಳೆದೆ.

ಸದ್ದು ನನಗೆ ಕೇಳಿಸಲಿಲ್ಲ. ಪಕ್ಕದ ಊರಿನವರಿಗೆ ಕೇಳಿಸಿತಂತೆ. ನನಗೆ ತಿಳಿದದ್ದು ಇಷ್ಟು. ಯಾರೋ ಒನಕೆಯಿಂದ ಹೆಗಲಿಗೆ ಹೊಡೆದರು. ಆಕಾಶ ಕಾಲ ಕೆಳಗೆ ಬಂತು. ಆಮೇಲೆ ನಾನು ಬಿಸಿಯಾದ, ಒದ್ದೆಯಾದ, ಹಬೆಯಾಡುವ ಯಾವುದೋ ಲೋಕದಲ್ಲಿ ಕುಳಿತಿದ್ದೆ. ಅದು ಸರಸ ಬೇಯಿಸಿದ ಭತ್ತ. ನಾನು ಕೂತದ್ದು ಹೆಚ್ಚು ಹೊತ್ತಲ್ಲ. ಆದರೆ ಅದರ ನೆನಪಿನಲ್ಲಿ ಮುಂದಿನ ವಾರವಿಡೀ ನಿಂತೇ ಟಿಕೆಟು ಬರೆಯಬೇಕಾಯಿತು.

ಎದ್ದು ನೋಡಿದರೆ ಡಬ್ಬಿ ಕೊರಡಿನ ಮೇಲೆ ಹೊಳೆಯುತ್ತಾ ನಿಂತಿತ್ತು. ಅದಕ್ಕೆ ಒಂದು ಗೀರೂ ಇಲ್ಲ. ಬಚ್ಚಲ ಕಡೆಯಿಂದ ಮಾತ್ರ ತೀರ್ಥ ಬಿದ್ದ ಹಾಗೆ ನೀರಿನ ಸದ್ದು. ಸರಸ ಓಡಿ ಹೋಗಿ ನೋಡಿ, ತಲೆಗೆ ಕೈ ಹೊತ್ತು ನಿಂತಳು. ಅಜ್ಜಿಯ ಕಾಲದ ತಾಮ್ರದ ಹಂಡೆಗೆ ಒಂದು ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟು ಹೋಗಿತ್ತು. ಎರಡೂ ಬದಿಯ ತೂತುಗಳಿಂದ ನೀರು ಅಂದವಾಗಿ ಕಮಾನು ಕಟ್ಟಿ ಒಲೆಗೆ ಬೀಳುತ್ತಿತ್ತು.

ಹಂಡೆ ಹೋದದ್ದು ದೊಡ್ಡದಲ್ಲ. ನಾನು ತಿರುಗಿ ನೋಡಿದಾಗ ಶಶಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಇನ್ನು ನೀನು ಹಿಡಿ ಎಂದು ಕೋವಿ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬೇಡ ಮಾವ. ನನ್ನಿಂದ ಆಗುವುದಿಲ್ಲ.”

ಅಷ್ಟೇ ಹೇಳಿ ಒಳಗೆ ಹೋದಳು. ಸರಸ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಬೊಂಬಾಯಿಗೆ ಹೋಗುವುದಿದ್ದರೆ ಚಳಿಗಾಲ ಮುಗಿಯುವ ಮೊದಲೇ ಹೋಗುವುದು ಒಳ್ಳೆಯದಲ್ಲವಾ ಅಣ್ಣ ಎಂದು ಮೆಲ್ಲಗೆ ಕೇಳಿದಳು. ನಾನು ಅನ್ನಕ್ಕೆ ಕೈ ಹಾಕಿದೆ. ಅದೂ ಕಷ್ಟವಾಯಿತು, ಏಕೆಂದರೆ ಬಲಗೈ ಬಾಯಿಯವರೆಗೆ ಏಳುತ್ತಿರಲಿಲ್ಲ. ಬಾಯಿಯೇ ಬಾಳೆಲೆಯವರೆಗೆ ಇಳಿಯಬೇಕಾಯಿತು.

ಸಂಜೆ ಹಂಡೆಯನ್ನು ಬಸ್ಸಿನ ಮೇಲೆ ಹಾಕಿ ಮೂಡಬಿದ್ರೆಗೆ ತಂದೆ, ಬೆಸೆಯಿಸುವುದಕ್ಕೆ. ಏನಾಯಿತು ಎಂದು ಕೇಳಿದವರಿಗೆಲ್ಲ ಹಂಡೆ ಹಳತಾಗಿ ತೂತು ಬಿದ್ದಿದೆ ಎಂದೆ. ಹಳತಾದ ಹಂಡೆಗೆ ಅಳೆದ ಹಾಗೆ ಒಂದೇ ಗಾತ್ರದ ತೂತು ಬೀಳುವುದುಂಟೇ ಎಂದು ಒಬ್ಬರು ಕೇಳಿದರು. ಹಂಡೆ ಹಳತಾದರೆ ನಿಮ್ಮ ಹೆಗಲಿಗೆ ಏನಾಯಿತು ಎಂದು ಇನ್ನೊಬ್ಬರು ಕೇಳಿದರು. ಮರುದಿನದೊಳಗೆ ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ಬಸ್ಸಿನಲ್ಲಿ ದಿನಾಲೂ ಓಡಾಡುವ ಶಾಲೆಯ ಕನ್ನಡ ಪಂಡಿತರೊಬ್ಬರು ನನ್ನ ಕಷ್ಟಕ್ಕೆ ಸಾಹಿತ್ಯದ ಮೆರುಗನ್ನೂ ಕೊಟ್ಟರು. ಅವರು ಸ್ಟ್ಯಾಂಡಿನಲ್ಲಿ ನಿಂತು, ಶೆಟ್ಟರದ್ದು ಗುರಿಯ ತಪ್ಪಲ್ಲ, ಬರೇ ಅಕ್ಷರದ ತಪ್ಪು, ಹಂದಿಗೆ ಹೊಡೆಯಲು ಹೋಗಿ ಹಂಡೆಗೆ ಹೊಡೆದರು ಎಂದು ಅಪ್ಪಣೆ ಕೊಡಿಸಿದರು. ಆಮೇಲೆ ಒಂದು ತಿಂಗಳು ಟಿಕೆಟು ಕೇಳುವವರು ಹಂಡೆಯ ಕ್ಷೇಮಸಮಾಚಾರ ಕೇಳಿಯೇ ಬಸ್ಸು ಹತ್ತುತ್ತಿದ್ದರು.

ನಗುವವರು ನಗಲಿ ಎಂದು ಬಿಟ್ಟೆ. ಆದರೆ ಮನೆಗೆ ಬಂದರೆ ಶಶಿಯ ಆ ಮುಖವೇ ಕಣ್ಣೆದುರು ಬರುತ್ತಿತ್ತು. ಕಾಂತಿ ಹೆಗಲಿಗೆ ಎಣ್ಣೆ ಹಚ್ಚುತ್ತಿದ್ದಳು. ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹುಡುಗಿಯ ಧೈರ್ಯವನ್ನು ನಾನೇ ಕೊಂದೆ ಎಂದೆ. ಕೊಂದಿಲ್ಲ, ಹೆದರಿಸಿದ್ದೀರಿ ಎಂದಳು. ನಾಳೆ ನಾನು ಬಂಟ್ವಾಳಕ್ಕೆ ಹೋಗಿ ಬರುತ್ತೇನೆ, ನೀವು ಬರುವುದು ಬೇಡ ಎಂದೂ ಹೇಳಿದಳು.

ಬಂಟ್ವಾಳಕ್ಕೆ ಹೋಗುವ ಮೊದಲು ಅವಳು ಶಿರ್ತಾಡಿಗೆ ಹೋದಳು, ಕೈಯಲ್ಲಿ ಹೊಲಿಗೆಯ ಟೇಪು. ಶಶಿಯ ಹೆಗಲು, ಮೊಣಕೈ, ಮುಂಗೈ ಎಲ್ಲ ಅಳೆದು, ಆಮೇಲೆ ಕೋವಿಯ ಬುಡವನ್ನೂ ರವಿಕೆಗೆ ಅಳತೆ ತೆಗೆದ ಹಾಗೆ ಅಳೆದಳಂತೆ. ಆ ಅಳತೆಯನ್ನೆಲ್ಲ ರವೂಫರ ಮುಂದೆ ಹೇಳಿದಾಗ ಅವರು, ಇಷ್ಟು ದಿನದಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟವರು ನೀವೊಬ್ಬರೇ ಅಮ್ಮ ಎಂದರಂತೆ. ಇದನ್ನು ಕಾಂತಿ ನನಗೆ ಎರಡು ಸಲ ಹೇಳಿದಳು.

ಇಬ್ಬರೂ ಸೇರಿ ಮಾಡಿದ ತೀರ್ಮಾನ ಹೀಗಿತ್ತು. ಕೋವಿಯ ಬುಡ ಹುಡುಗಿಯ ಕೈಗೆ ಉದ್ದ. ಬಡಗಿ ಆಚಾರಿಯ ಹತ್ತಿರ ಎರಡು ಬೆರಳಿನಷ್ಟು ಕೊಯ್ಯಿಸಿ ತೆಗೆದು, ಆ ತುಂಡನ್ನು ಬಿಸಾಡದೆ ಇಟ್ಟುಕೊಳ್ಳುವುದು. ಕೈ ಬೆಳೆದ ಮೇಲೆ ಅದನ್ನೇ ತಿರುಪಿನಿಂದ ಮತ್ತೆ ಕೂರಿಸಬಹುದು. ತೋಟೆಯನ್ನು ರವೂಫರೇ ಕೈಯಿಂದ ತುಂಬಿ ಕೊಡುವುದು. ಮೊದಲಿಗೆ ಮದ್ದು ಚರೆ ಇಲ್ಲದೆ, ತೋಟೆಯ ತಳದಲ್ಲಿ ಪಟ್ ಎಂದು ಸಿಡಿಯುವ ಕೇಪು ಮಾತ್ರ, ಆಮೇಲೆ ಚಿಟಿಕೆ ಮದ್ದು, ಆಮೇಲೆ ಇನ್ನಷ್ಟು. ಹುಡುಗಿ ಬೆಳೆದ ಹಾಗೆ ಮದ್ದನ್ನೂ ಬೆಳೆಸುವ ಎಂದಿದ್ದರು ಅವರು. ಲಂಗದ ಅಂಚಿಗೆ ಮಡಿಕೆ ಕೊಟ್ಟು ಹೊಲಿದು, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತೇವಲ್ಲ, ಹಾಗೆಯೇ ಎಂದು ಕಾಂತಿ ನನಗೆ ಬಿಡಿಸಿ ಹೇಳಿದಳು. ಬೆಳೆಯುವವರಿಗೆ ದೊಡ್ಡದನ್ನು ತರುವುದಲ್ಲ, ಬಿಚ್ಚಲಿಕ್ಕೆ ಆಗುವಂಥದ್ದನ್ನು ತರುವುದು. ನನ್ನ ಸಿದ್ಧಾಂತ ಅಲ್ಲಿಗೆ ಗಿಡ್ಡವಾಯಿತು. ಉಳಿದ ಎಲ್.ಜಿ.ಗಳು ಮುಂಡಪ್ಪಣ್ಣನ ಕೋವಿಗೆ ಹೋದವು.

ಇಷ್ಟಾದರೂ ಶಶಿ ಕೋವಿ ಮುಟ್ಟಲು ಒಪ್ಪಲಿಲ್ಲ. ಕಾಂತಿ ಒತ್ತಾಯ ಮಾಡಲಿಲ್ಲ. ಸೆರಗು ಸಿಕ್ಕಿಸಿ, ಗುಡ್ಡದ ಮಣ್ಣಿನ ದರೆಯ ಎದುರು ಅದೇ ಡಬ್ಬಿಯನ್ನು ಇಟ್ಟು, ಕೋವಿಯನ್ನು ಮಗುವನ್ನು ಒತ್ತಿಕೊಂಡ ಹಾಗೆ ಹೆಗಲಿಗೆ ಒತ್ತಿಕೊಂಡು, ರವೂಫರು ತುಂಬಿಕೊಟ್ಟ ಹಗುರದ ಚರೆಯ ತೋಟೆಯಿಂದ ತಾನೇ ಹೊಡೆದಳು. ಜನ್ಮದಲ್ಲಿ ಕೋವಿ ಹಿಡಿಯದವಳು! ಡಬ್ಬಿ ಕೆಳಗೆ ಬಿತ್ತು. ಅವಳು ಅಲ್ಲೇ ನಿಂತಿದ್ದಳು.

“ಹೊಲಿಗೆ ಮಿಶಿನು ಇದಕ್ಕಿಂತ ಹೆಚ್ಚು ಅಲುಗುತ್ತದೆ,” ಎಂದಳು.

ಶಶಿ ಸ್ವಲ್ಪ ಹೊತ್ತು ಡಬ್ಬಿಯನ್ನು ನೋಡಿದಳು, ಅತ್ತೆಯ ಹೆಗಲನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಆಮೇಲೆ ಹತ್ತಿರ ಬಂದು, ಕೊಡಿ ಅತ್ತೆ ಎಂದು ಕೈ ಚಾಚಿದಳು.

ಆ ದಿನ ಕೇಪು ಮಾತ್ರ ಹೊಡೆದಳು. ಪಟ್ ಎಂದು ಸದ್ದಾದಾಗ ಭುಜ ಬೆಚ್ಚುತ್ತಿತ್ತು. ಮುಂದಿನ ವಾರ ಬೆಚ್ಚುವುದು ನಿಂತಿತು. ಮದ್ದು ಬಂತು, ಸಣ್ಣ ಚರೆ ಬಂತು. ಡಬ್ಬಿ ಜರಡಿಯಾಯಿತು. ನಾನು ಆದಿತ್ಯವಾರ ಹೋಗಿ ಜಗಲಿಯಲ್ಲಿ ಕುಳಿತು ಸೂಚನೆ ಕೊಡುತ್ತಿದ್ದೆ. ಅವಳು ನನ್ನ ಸೂಚನೆ ಮುಗಿಯುವವರೆಗೆ ಮರ್ಯಾದೆಯಿಂದ ಕಾದು, ಆಮೇಲೆ ತನ್ನ ಹಾಗೆಯೇ ಹೊಡೆಯುತ್ತಿದ್ದಳು.

ತೆನೆ ಹಾಲು ತುಂಬಿತು. ಹಂದಿ ಇಳಿಯುವ ಹೆಜ್ಜೆ ಗದ್ದೆಯ ಬದಿಯಲ್ಲಿ ಕಂಡಿತು. ರವೂಫರು ಆ ದಿನಕ್ಕೆಂದು ಬೇರೆ ತೋಟೆ ಕಟ್ಟಿಕೊಟ್ಟಿದ್ದರು. ಅದು ಹತ್ತಿರದ ಹಂದಿಗೆ ಸಾಕಾಗುವಷ್ಟು, ಹುಡುಗಿಗೆ ಹೆಚ್ಚಾಗದಷ್ಟು. ಗದ್ದೆಯ ಬದುವಿನಲ್ಲಿ ಬಿದಿರಿನ ಅಟ್ಟಣೆ ಕಟ್ಟಿದೆವು. ಮುಂಡಪ್ಪಣ್ಣ ಮೊದಲೇ ಬಂದು ಎಲ್ಲರಿಗೂ ಜಾಗ ತೋರಿಸಿದರು. ಹಂದಿ ಎದುರಿನ ಗುಡ್ಡದಿಂದ ಬರುತ್ತದೆ, ಕೋವಿಯ ಮುಂದೆ ನರಮನುಷ್ಯ ಇರಬಾರದು ಎಂದು ಕಟ್ಟುನಿಟ್ಟು ಮಾಡಿದರು. ಅಟ್ಟಣೆಯ ಮೇಲೆ ಶಶಿ, ಅವಳ ಪಕ್ಕದಲ್ಲಿ ಮುಂಡಪ್ಪಣ್ಣ. ಸರಸ ಮತ್ತು ಕಾಂತಿ ಮನೆಯ ಜಗಲಿಯಲ್ಲಿ. ನಾನು ಅಟ್ಟಣೆಯ ಬೆನ್ನ ಹಿಂದೆ, ಸಾಕಷ್ಟು ದೂರದಲ್ಲಿ, ಒಂದು ಕಾಸರಕನ ಮರದ ಬುಡದಲ್ಲಿ. ಅಲ್ಲಿ ನನ್ನ ಕೆಲಸವೇನು ಎಂದು ಕೇಳಿದೆ. ಮಾತಾಡದೆ ಕೂರುವುದು ಎಂದರು.

ಬಿಸಿಲು ಇಳಿದು ಗದ್ದೆ ಹಳದಿಯಾಗಿತ್ತು. ಗಿಳಿಗಳು ಕೂಗಿ ಹೋದವು. ಎದುರಿನ ಗುಡ್ಡದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಅಟ್ಟಣೆಯ ಮೇಲೆ ಹುಡುಗಿ ಕಲ್ಲಿನ ಹಾಗೆ ಕೂತಿದ್ದಳು. ನಾನು ಮನಸ್ಸಿನಲ್ಲೇ ಅವಳಿಗೆ ಸೂಚನೆ ಕೊಡುತ್ತಾ ಒಂದು ಬೀಡಿ ತೆಗೆದೆ. ಕಡ್ಡಿ ಗೀರುವಷ್ಟರಲ್ಲಿ ಹಿಂದೆ ಯಾರೋ ಸೀನಿದ ಹಾಗಾಯಿತು. ಮುಂಡಪ್ಪಣ್ಣ ಇಳಿದು ಬಂದರೋ ಎಂದು ತಿರುಗಿದೆ.

ಮುಂಡಪ್ಪಣ್ಣನಿಗೆ ಅಷ್ಟು ಉದ್ದದ ಮೂತಿ ಇರಲಿಲ್ಲ!

ಹಂದಿಗಳಿಗೆ ಮುಂಡಪ್ಪಣ್ಣನ ಲೆಕ್ಕಾಚಾರ ತಿಳಿದಿರಲಿಲ್ಲ. ಅವು ಆ ದಿನ ನಮ್ಮ ಹಿಂದಿನ ಹಾಡಿಯ ಕುರುಚಲು ಕಾಡಿನಿಂದ ಬಂದಿದ್ದವು. ಎಲ್ಲಕ್ಕೂ ಮುಂದೆ ಒಂದು ದೊಡ್ಡ ಸಲಗ, ಕೋರೆ ಬೆಳೆದ ಗಂಡುಹಂದಿ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ನನ್ನನ್ನು ನೋಡುತ್ತಿತ್ತು. ನಾನು ಆಗ ಏನು ಮಾಡಿದೆನೆಂದು ನನಗೆ ಸರಿಯಾಗಿ ನೆನಪಿಲ್ಲ. ಬೇರೆಯವರು ಹೇಳಿದ್ದನ್ನು ನಂಬುವುದಾದರೆ, ಒಂದು ಬೊಬ್ಬೆ ಹಾಕಿದೆ. ಬಸ್ಸು ಹೊರಡುವಾಗ ಬೆಳ್ತಂಗಡಿ ಬೆಳ್ತಂಗಡಿ ಎಂದು ದಿನಾ ಕೂಗಿ ಪಳಗಿದ ಗಂಟಲು ಅದು. ಆ ಗಂಟಲಿನಿಂದ ಹೊರಟ ಬೊಬ್ಬೆಗೆ ಜಗಲಿಯಲ್ಲಿದ್ದ ಸರಸ ಎದ್ದು ನಿಂತಳಂತೆ. ಉಳಿದ ಹಂದಿಗಳು ಹಾಡಿಗೆ ಹಾರಿ ಮಾಯವಾದವು. ಸಲಗ ಮಾತ್ರ ದಿಕ್ಕು ತಪ್ಪಿ, ನನ್ನನ್ನು ದಾಟಿ, ಅಟ್ಟಣೆಯ ಪಕ್ಕದಿಂದ ನೇರವಾಗಿ ಗದ್ದೆಗೆ ನುಗ್ಗಿತು. ಅಷ್ಟರಲ್ಲಿ ನಾನು ಮರದ ಮೇಲಿದ್ದೆ. ಊಟದ ತುತ್ತು ಎತ್ತಲು ಅಳುತ್ತಿದ್ದ ಆ ಬಲಗೈಯೇ ನನ್ನನ್ನು ಮೇಲೆ ಎಳೆದದ್ದು.

ಒಂದೇ ಸದ್ದು ಕೇಳಿಸಿತು. ಹದವಾದ ಸದ್ದು.

ನಾನು ಇಳಿದು ಹೋಗುವಾಗ ಸಲಗ ಬದುವಿನ ಆಚೆ ಮಗುಚಿಕೊಂಡು ಬಿದ್ದಿತ್ತು. ಮುಂಡಪ್ಪಣ್ಣ ಕೋವಿಯನ್ನು ತೆಗೆದು ಬಿಚ್ಚಿ ಹಿಡಿದಿದ್ದರು. ಶಶಿ ಅಟ್ಟಣೆಯಿಂದ ಇಳಿದು ಬದುವಿನ ಮೇಲೆ ಕುಳಿತಿದ್ದಳು. ಹೊಡೆಯುವಾಗ ಅಲುಗಲಿಲ್ಲ, ಈಗ ಕೂತುಬಿಟ್ಟಳು ಎಂದು ಮುಂಡಪ್ಪಣ್ಣ ಸಮಾಧಾನದಿಂದ ಹೇಳಿದರು, ಅದು ಹಾಗೆಯೇ ಆಗಬೇಕಾದದ್ದು ಎನ್ನುವ ಹಾಗೆ. ಸರಸ ಓಡಿ ಬಂದು ಮಗಳ ಹೆಗಲನ್ನು ತಡವಿ ನೋಡಿದಳು. ನೋವುಂಟಾ ಎಂದು ಕೇಳಿದಳು. ಇಲ್ಲ ಅಮ್ಮ, ನೀರು ಬೇಕು ಎಂದಳು ಹುಡುಗಿ. ಕುಡಿದು, ತಂಬಿಗೆ ಕೆಳಗಿಟ್ಟು, ಅಮ್ಮನ ಮುಖ ನೋಡುತ್ತಾ, “ಇನ್ನು ನಾವು ಇಲ್ಲೇ ಅಲ್ವಾ?” ಎಂದು ಕೇಳಿದಳು. ಸರಸ ಸೆರಗಿನಿಂದ ಮಗಳ ಮುಖ ಒರೆಸಿ, ಒರೆಸಿದ ಸೆರಗಿನಲ್ಲೇ ತನ್ನ ಕಣ್ಣನ್ನೂ ಒರೆಸಿಕೊಂಡಳು. ಉತ್ತರ ಎಲ್ಲರಿಗೂ ತಿಳಿಯಿತು. ಉಳಿದ ಹಂದಿಗಳಿಗೂ ತಿಳಿದಿರಬೇಕು, ಆ ಸುಗ್ಗಿಯಲ್ಲಿ ಅವು ಮತ್ತೆ ಆ ಗದ್ದೆಗೆ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪಾಲು. ಊರಿನ ಹತ್ತಾರು ಮಂದಿ ಸೇರಿದ್ದರು. ಬಾಳೆಲೆಗಳ ಮೇಲೆ ಮಾಂಸದ ಗುಪ್ಪೆ ಇಟ್ಟು ಮುಂಡಪ್ಪಣ್ಣ ಒಂದೊಂದನ್ನೇ ಹೆಸರಿಸಿ ಕೊಡುತ್ತಾ ಹೋದರು. ಈಡು ಹೊಡೆದವಳ ಪಾಲೆಂದು ಒಂದು ತೊಡೆ ಶಶಿಗೆ. ಕೋವಿಯ ಪಾಲು ಸರಸಳಿಗೆ. ತೋಟೆಯ ಪಾಲು ರವೂಫರಿಗೆ ಸಲ್ಲಬೇಕಿತ್ತು, ಆದರೆ ಅವರು ಹಂದಿ ಮುಟ್ಟುವವರಲ್ಲ. ಅವರಿಗೆ ಒಂದು ಬಾಳೆಗೊನೆ ಕಳುಹಿಸುವುದೆಂದಾಯಿತು. ಕಲಿಸಿದವರ ಪಾಲು ಎಂದು ಮುಂಡಪ್ಪಣ್ಣ ಒಂದು ದೊಡ್ಡ ಎಲೆಯನ್ನು ಎತ್ತಿದಾಗ ನಾನು ವಿನಯದಿಂದ ತಲೆ ತಗ್ಗಿಸಿ ಎರಡು ಹೆಜ್ಜೆ ಮುಂದೆ ಬಂದೆ. ಎಲೆ ನನ್ನ ಪಕ್ಕದಿಂದ ಹಾದು ಕಾಂತಿಯ ಕೈ ಸೇರಿತು.

ನೆರೆದವರ ಪಾಲೂ ಮುಗಿಯಿತು. ಕೊನೆಗೆ ಒಂದು ಸಣ್ಣ ಎಲೆ ಉಳಿಯಿತು.

“ಇದು ನಾಯಿಯ ಪಾಲು,” ಎಂದರು ಮುಂಡಪ್ಪಣ್ಣ.

ಬೇಟೆಗೆ ಬಂದ ನಾಯಿಗೂ ಒಂದು ಪಾಲು ಇಡುವುದು ನಮ್ಮ ಕಡೆಯ ಕ್ರಮ. ಅದನ್ನು ನಾಯಿಯ ಯಜಮಾನರು ತೆಗೆದುಕೊಂಡು ಹೋಗುತ್ತಾರೆ. ಆದರೆ ನಿನ್ನೆ ನಾಯಿ ಬಂದಿರಲಿಲ್ಲವಲ್ಲ ಎಂದು ಯಾರೋ ನೆನಪಿಸಿದರು. ಮುಂಡಪ್ಪಣ್ಣ ಬಾಯೊಳಗಿನ ವೀಳ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಂದುಕೊಂಡರು.

“ನಾಯಿಯ ಕೆಲಸ ಎಂತದ್ದು? ಬೊಬ್ಬೆ ಹಾಕಿ ಹಂದಿಯನ್ನು ಎಬ್ಬಿಸಿ ಕೋವಿಯ ಎದುರಿಗೆ ಓಡಿಸುವುದು. ನಿನ್ನೆ ಆ ಕೆಲಸ ಮಾಡಿದವರು ಇದ್ದಾರೆ. ಪಾಲು ತಪ್ಪಿಸಬಾರದು.”

ಅಂಗಳದಲ್ಲಿದ್ದ ಎಲ್ಲರೂ ನನ್ನ ಕಡೆಗೆ ತಿರುಗಿದರು. ನಾನು ಮೇಲೆ ನೋಡಿದೆ. ಹತ್ತುವುದಕ್ಕೆ ಹತ್ತಿರದಲ್ಲಿ ಮರ ಇರಲಿಲ್ಲ. ಅಷ್ಟರಲ್ಲಿ ಕಾಂತಿ ಸೆರಗು ಸರಿ ಮಾಡಿಕೊಂಡು ಮುಂದೆ ಹೋಗಿ ಎರಡೂ ಕೈ ಚಾಚಿದಳು.

“ಕೊಡಿ ಮುಂಡಪ್ಪಣ್ಣ, ಅದು ನಮ್ಮ ಮನೆಯದ್ದೇ.”